ಎಸ್. ದಾಸಪ್ಪ

ಎಸ್. ದಾಸಪ್ಪ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿ ಸಂಶೋಧನೆ ನಡೆಸಿದ ಎಂಜಿನಿಯರಿಂಗ್ ವಿಜ್ಞಾನಿ. ಕಟ್ಟಿಗೆ, ತೆಂಗಿನ ಚಿಪ್ಪು, ಬೆಳೆಯ ಉಳಿಕೆ ಮೊದಲಾದ ಜೈವಿಕ ವಸ್ತುಗಳಿಂದ ಅನಿಲ ಇಂಧನ ಪಡೆದು, ಕೈಗಾರಿಕೆಗಳಲ್ಲಿ ಡೀಸೆಲ್ ಮತ್ತು ಉರುವಲು ಎಣ್ಣೆಯ ಬದಲಿಗೆ ಬಳಸುವುದು ಅವರ ಮುಖ್ಯ ಕಾರ್ಯಕ್ಷೇತ್ರ.

ಅನಿಲೀಕರಣ

ಜೈವಿಕ ವಸ್ತುವನ್ನು ಪೂರ್ತಿ ಉರಿಯಲು ಸಾಲದಷ್ಟು ಗಾಳಿಯಲ್ಲಿ ಕಾಯಿಸಿದರೆ ಕಾರ್ಬನ್ ಮಾನಾಕ್ಸೈಡ್, ಜಲಜನಕ ಮತ್ತು ಸ್ವಲ್ಪ ಮೀಥೇನ್ ಇರುವ ಉರಿಯಬಲ್ಲ ಅನಿಲ ದೊರೆಯುತ್ತದೆ. ಇದರಲ್ಲಿನ ದೊಡ್ಡ ತೊಡಕು ಟಾರು; ಅದು ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ. ಎಚ್.ಎಸ್. ಮುಕುಂದ, ದಾಸಪ್ಪ ಮತ್ತು ಸಂಗಡಿಗರು ರೂಪಿಸಿದ, ಮೇಲ್ಭಾಗ ತೆರೆದ ಅನಿಲೀಕಾರಕದಲ್ಲಿ ಗಾಳಿಯು ಮೇಲಿನಿಂದಲೂ ಪಕ್ಕದಿಂದಲೂ ಒಳಬರುವುದರಿಂದ ಕೆಂಡದ ಪದರ ಆಳವಾಗಿದ್ದು, ಟಾರಿನ ಬಹುಭಾಗ ಅಲ್ಲಿಯೇ ಒಡೆದುಹೋಗುತ್ತದೆ.

ಈ ತಂಡವು 2003ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಕಾರ್ಖಾನೆಗಳ ಅನುಭವ ದಾಖಲಾಗಿದೆ. ಚೆಂಡುಹೂ ಒಣಗಿಸುವ ಘಟಕವೊಂದರಲ್ಲಿ ಗಂಟೆಗೆ 125ರಿಂದ 150 ಲೀಟರ್ ಡೀಸೆಲ್ ಉಳಿಯಿತು. ಲೋಹದ ಬಿಡಿಭಾಗಗಳನ್ನು ಕಾಯಿಸಿ ಹದಗೊಳಿಸುವ ಕಾರ್ಖಾನೆಯಲ್ಲಿ ಒಂದೇ ಅನಿಲೀಕಾರಕವು 8 ಕುಲುಮೆಗಳ 16 ಬರ್ನರ್‌ಗಳನ್ನು ಉರಿಸಿ, ದಿನಕ್ಕೆ ಸುಮಾರು 2000 ಲೀಟರ್ ಎಣ್ಣೆಯನ್ನು ಸಂಪೂರ್ಣವಾಗಿ ತಪ್ಪಿಸಿತು. ವಾರಕ್ಕೆ 140 ಗಂಟೆಗೂ ಹೆಚ್ಚು ಕಾಲ ಅದು ನಡೆಯಿತೆಂಬುದೇ ಇಲ್ಲಿ ಹೆಚ್ಚು ಮುಖ್ಯ. ಪ್ರಯೋಗಾಲಯದಲ್ಲಿ ಗೆದ್ದ ಅನೇಕ ಯಂತ್ರಗಳು ಕಾರ್ಖಾನೆಯ ಪಾಳಿಗಳಿಗೆ ತಾಳುವುದಿಲ್ಲ.

ಜಲಜನಕ

ಗಾಳಿಯ ಬದಲು ಆಮ್ಲಜನಕ ಮತ್ತು ಹಬೆಯನ್ನು ಬಳಸಿದಾಗ ಅನಿಲದಲ್ಲಿ ಜಲಜನಕದ ಪಾಲು ಹೆಚ್ಚುತ್ತದೆ. 1 ಕಿಲೋಗ್ರಾಂ ಜೈವಿಕ ವಸ್ತುವಿನಲ್ಲಿ ಇರುವುದೇ ಸುಮಾರು 60 ಗ್ರಾಂ ಜಲಜನಕ. ಆದರೆ ಈ ವಿಧಾನದಲ್ಲಿ 100 ಗ್ರಾಂ ದೊರೆತಿದೆ ಎಂದು ಸಂಸ್ಥೆ 2022ರಲ್ಲಿ ತಿಳಿಸಿತು. ಉಳಿದದ್ದು ಹಬೆಯಿಂದ, ಅಂದರೆ ನೀರಿನಿಂದ ಬಂದದ್ದು. ಉಕ್ಕಿನ ಉದ್ಯಮದಲ್ಲಿ ಅದಿರಿನ ಆಮ್ಲಜನಕವನ್ನು ತೆಗೆಯಲು ಕಲ್ಲಿದ್ದಲಿನ ಕೋಕ್ ಬದಲಿಗೆ ಜಲಜನಕ ಬಳಸಿದರೆ ಇಂಗಾಲಾಮ್ಲದ ಬದಲು ನೀರಾವಿ ಹೊರಬರುತ್ತದೆ.

ಬೀದರ ಜಿಲ್ಲೆಯ ಸಂದರ್ಭ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳಲ್ಲಿ ತೊಗರಿ, ಕಬ್ಬು ಬೆಳೆಯುತ್ತವೆ. ಹುಮನಾಬಾದಿನಲ್ಲಿ ಕೈಗಾರಿಕಾ ಪ್ರದೇಶವೂ ಇದೆ. ಇಂಥ ಕಡೆ ಬೆಳೆಯುಳಿಕೆಯಿಂದ ಕಾರ್ಖಾನೆಯ ಶಾಖ ಪಡೆಯುವುದು ತಾಂತ್ರಿಕವಾಗಿ ಸಾಧ್ಯವಾದರೂ ಸುಲಭವಲ್ಲ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳೇ ತಮ್ಮ ಬಾಯ್ಲರುಗಳಲ್ಲಿ ಉರಿಸುತ್ತವೆ. ತೊಗರಿ ಕಟ್ಟಿಗೆ ಹಗುರವಾದುದರಿಂದ ತುಂಡರಿಸಿ ಅಥವಾ ಒತ್ತಿ ಇಟ್ಟಿಗೆಯಾಗಿಸಿ ಬಳಸಬೇಕಾಗುತ್ತದೆ. ಅದು ಹಳ್ಳಿಯ ಬಡ ಕುಟುಂಬಗಳ ಒಲೆಯ ಉರುವಲೂ ಹೌದು. ಕಾರ್ಖಾನೆಗಳು ಕೊಳ್ಳಲು ಮುಂದಾದರೆ ರೈತರಿಗೆ ಬೆಲೆ ಸಿಗಬಹುದು, ಕೂಲಿಕಾರರ ಮನೆಗೆ ಪುಕ್ಕಟೆ ದೊರೆಯುತ್ತಿದ್ದ ಸೌದೆ ತಪ್ಪಬಹುದು.