ಮಣ್ಣಿನಡಿ ಮಲಗುತ್ತಿದ್ದ ಅಂಜೂರ

ಪ್ಯಾರಿಸ್ ಸೀಮೆಯ ಚಳಿಗೆ ಅಂಜೂರದ ಕೊಂಬೆಗಳು ಕರಟಿದರೂ ಗಿಡ ಬುಡದಿಂದ ಮತ್ತೆ ಚಿಗುರುತ್ತದೆ. ಆ ವರ್ಷದ ಹಣ್ಣು ಮಾತ್ರ ಹೋದಂತೆಯೇ. ಅಲ್ಲಿ ನೆಚ್ಚಬಹುದಾದ ಫಸಲು ಹಿಂದಿನ ಶರತ್ಕಾಲದಲ್ಲೇ ಕೊಂಬೆಯ ತುದಿಯಲ್ಲಿ ಸಣ್ಣ ಕಾಳಿನಂತೆ ಕೂತಿದ್ದು, ಬೇಸಿಗೆಯಲ್ಲಿ ಮಾಗುತ್ತದೆ. ಹೊಸ ಚಿಗುರಿನಲ್ಲಿ ಬಿಡುವ ಎರಡನೇ ಫಸಲಿಗೆ ಅಲ್ಲಿನ ಬಿಸಿಲು ಸಾಲದು. ಚಳಿಗಾಲದ ಕಾವಲೆಲ್ಲ ಆ ತುದಿಗಳಿಗಾಗಿ.

ಕಾವಲು ಬಲು ಹಳೆಯದು. ರೋಮನ್ ಚಕ್ರವರ್ತಿ ಜೂಲಿಯನ್ 363ರಲ್ಲಿ ಆಂಟಿಯೋಕ್‌ನ ಜನರನ್ನು ಹಂಗಿಸಿ ಬರೆದ ‘ಮಿಸೊಪೋಗನ್’ನಲ್ಲಿ, ತಾನು ಚಳಿಗಾಲ ಕಳೆದ ಲುಟೇಶಿಯವನ್ನು, ಅಂದರೆ ಇಂದಿನ ಪ್ಯಾರಿಸನ್ನು, ನೆನೆಯುತ್ತಾನೆ. ಅಲ್ಲಿ ಕೆಲವರು ಗೋಧಿಹುಲ್ಲನ್ನು ಬಟ್ಟೆಯಂತೆ ಹೊದಿಸಿ ಅಂಜೂರ ಬೆಳೆಸುತ್ತಿದ್ದರಂತೆ. ಜಗಳದ ಪುಸ್ತಕದೊಳಗೆ ತೋಟದ ಇಂಥದೊಂದು ವಿವರ ಉಳಿದದ್ದು ಇತಿಹಾಸಕಾರರ ಪುಣ್ಯ. ಎಷ್ಟೋ ಶತಮಾನಗಳ ಮೇಲೆ, ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೂ ಅಂಜೂರವೆಂದರೆ ಪ್ರಾಣ. ವರ್ಸೇಲ್ಸ್‌ನಲ್ಲಿ ಅವನ ತೋಟಗಾರ ಲಾ ಕ್ಯಾಂತಿನೀ ಗಿಡಗಳನ್ನು ಮರದ ತೊಟ್ಟಿಗಳಲ್ಲಿ ಬೆಳೆಸಿ, ಚಳಿ ಬಂದಾಗ ಒಳಗೆ ಸೇರಿಸುತ್ತಿದ್ದ.

ತೊಟ್ಟಿ, ಆಳುಕಾಳು ಇಲ್ಲದ ಆರ್ಜಾಂತೈ ಊರಿನ ರೈತರು ಮಣ್ಣನ್ನೇ ಹೊದಿಕೆ ಮಾಡಿಕೊಂಡರು. ಪ್ಯಾರಿಸ್‌ಗೆ ವಾಯವ್ಯದಲ್ಲಿರುವ ಈ ಊರು 19ನೇ ಶತಮಾನದಲ್ಲಿ ದ್ರಾಕ್ಷಿ, ಶತಾವರಿ ಕುಡಿಗಳ ಜೊತೆಗೆ ಅಂಜೂರಕ್ಕೂ ಹೆಸರಾಗಿತ್ತು. ಗಿಡವನ್ನು ನೆಡುವಾಗಲೇ ಓರೆಯಾಗಿ ನೆಟ್ಟು, ಬುಡದಿಂದಲೇ ಹಲವು ಕೊಂಬೆ ಒಡೆಯುವಂತೆ ಪೊದೆಯಾಗಿ ಬೆಳೆಸುತ್ತಿದ್ದರು. ಎತ್ತರದ ಮರವಾದರೆ ಬಾಗುವುದಿಲ್ಲವಲ್ಲ. ನವೆಂಬರಿನಲ್ಲಿ ಎಲೆ ಉದುರಿದ ಮೇಲೆ ಕೊಂಬೆಗಳನ್ನು ಕಟ್ಟುಕಟ್ಟಾಗಿ ಬಿಗಿದು, ಮುರಿಯದಂತೆ ಬಗ್ಗಿಸಿ, ಗುಳಿಯಲ್ಲಿ ಮಲಗಿಸಿ ಮಣ್ಣು ಮುಚ್ಚುತ್ತಿದ್ದರು.

ಜಾಣತನ ಬೇಕಾಗಿದ್ದದ್ದು ಫೆಬ್ರವರಿ ಕೊನೆಯಲ್ಲಿ, ಮಣ್ಣು ತೆಗೆಯುವಾಗ. ಆತುರಪಟ್ಟರೆ ಇಬ್ಬನಿ ಹೆಪ್ಪುಗಟ್ಟಿ ಮೊಗ್ಗು ಸುಡುತ್ತದೆ. ತಡಮಾಡಿದರೆ ಕತ್ತಲಲ್ಲೇ ಮೊಳೆತ ಬಿಳಿಚು ಚಿಗುರು ಬಿಸಿಲು ತಾಗಿದೊಡನೆ ಬಾಡುತ್ತದೆ. ಅದಕ್ಕೇ ಬೆಚ್ಚಗಿನ, ಮೋಡ ಕವಿದ ದಿನ ನೋಡಿ ಕೊಂಬೆಗಳನ್ನು ಮೇಲೆತ್ತುತ್ತಿದ್ದರು. ಆಮೇಲೆ ತುದಿಯ ಎಲೆಮೊಗ್ಗನ್ನು ಚಿವುಟಿದರೆ ರಸವೆಲ್ಲ ಕಾಯಿಗೆ ಇಳಿಯುತ್ತದೆ.

ಕೊನೆಯ ಕೈಚಳಕ ಎಣ್ಣೆಯದು. ಕಾಯಿ ಬಲಿತು ಬಣ್ಣ ತಿರುಗುವ ಹೊತ್ತಿಗೆ, ಹುಲ್ಲುಕಡ್ಡಿಯನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಅದರ ತುದಿಯ ಸಣ್ಣ ತೂತಿಗೆ, ಅಂದರೆ ‘ಕಣ್ಣಿ’ಗೆ, ಒಂದೇ ಹನಿ ಮುಟ್ಟಿಸುವುದು. ಹಣ್ಣು ಕೆಲವು ದಿನ ಮುಂಚೆಯೇ ಮಾಗುತ್ತದೆ, ಸಂತೆಯಲ್ಲಿ ಮೊದಲ ಹಣ್ಣಿನ ಬೆಲೆ ಸಿಗುತ್ತದೆ. ಎಣ್ಣೆ ತಾಗಿದ ಕಾಯಿ ಎಥಿಲೀನ್ ಅನಿಲ ಹೊರಡಿಸುವುದೇ ಇದಕ್ಕೆ ಕಾರಣವೆಂದು 20ನೇ ಶತಮಾನದ ಪ್ರಯೋಗಗಳು ತೋರಿಸಿದವು.

ಅಷ್ಟರೊಳಗೆ ಆರ್ಜಾಂತೈನ ಹೊಲಗಳು ಕಾರ್ಖಾನೆಗಳಿಗೂ ಮನೆಗಳಿಗೂ ಹೋಗಿದ್ದವು. ‘ಬ್ಲಾಂಶ್ ದಾರ್ಜಾಂತೈ’, ಅಂದರೆ ಆರ್ಜಾಂತೈನ ಬಿಳಿ, ಎಂಬ ತಳಿಯನ್ನು ಫ್ರಾನ್ಸಿನ ಸಸಿತೋಟಗಳು ಈಗಲೂ ಮಾರುತ್ತವೆ.