ಕಾಲಿನ ಕ್ಲಚ್: ಮೈಸೂರಿನ ಜಾವಾ, ಸಾತಪುರದ ಶೆಡ್ಡು ಮತ್ತು ನಾನು ಸುಟ್ಟ ಐದು ಪ್ಲೇಟ್

ಹೋದ ವಾರದ ವಿಡಿಯೋದಲ್ಲಿ ಹೇಳಿದ್ದನ್ನೇ ಸ್ವಲ್ಪ ತಿದ್ದಿ, ಬಿಟ್ಟುಹೋದದ್ದನ್ನು ಸೇರಿಸಿ ಇಲ್ಲಿ ಬರೀತಿದ್ದೀನಿ. ಪುಣೆ, ಹೈದರಾಬಾದ್‌ ಕಡೆಯಿಂದ ತುಂಬಾ ಜನ ಮೆಸೇಜ್ ಮಾಡಿ "ಆ ಕ್ಲಚ್ ವಿಷಯ ನಿಧಾನವಾಗಿ ಬರೆದು ಹಾಕಿ" ಅಂದ್ರಿ. ಹಾಕಿದ್ದೀನಿ.

ನಾನಿರೋದು ನಾಸಿಕ್‌ನ ಸಾತಪುರದಲ್ಲಿ. ಎಂಟೆಕ್ ಮಾಡಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ, ಕೆಲಸ ಫ್ಯಾಕ್ಟರಿ ಆಟೊಮೇಶನ್ ಸಾಫ್ಟ್‌ವೇರ್‌ನಲ್ಲಿ. ಅಂದ್ರೆ ಯಂತ್ರ ಹೇಗೆ ಓಡಬೇಕು ಅಂತ ಕೋಡ್ ಬರೀತೀನಿ, ಆದ್ರೆ ಸ್ಪ್ಯಾನರ್ ಹಿಡಿಯೋಕೆ ಬರಲ್ಲ. ಅದು ಗೊತ್ತಾಗಿದ್ದು ಈ ಮಳೆಗಾಲದಲ್ಲಿ.

ಮನೆಯಲ್ಲಿ ಒಂದು 1983ರ ಯೆಜ್ಡಿ ರೋಡ್‌ಕಿಂಗ್ ಇದೆ. ನಮ್ಮ ಚಿಕ್ಕಪ್ಪನದು. ಆಗ ಅವರಿಗೆ ಇಪ್ಪತ್ನಾಲ್ಕು. ಮೈಸೂರಿನ ಹೊರಗೆ ಮಣ್ಣಿನ ಟ್ರ್ಯಾಕ್‌ನಲ್ಲಿ ಓಡಿಸೋಕೆ ಅಂತ ಲೈಟು, ಮಡ್‌ಗಾರ್ಡು ಬಿಚ್ಚಿ, ಅಗಲದ ಹ್ಯಾಂಡಲ್ ಹಾಕಿ, ಗುಬ್ಬಿ ಟೈರ್ ಏರಿಸಿ ಡರ್ಟ್ ಬೈಕ್ ಮಾಡಿದ್ದರು. ಎರಡು ವರ್ಷದ ಹಿಂದೆ ಅವರಿಗೆ ಪಾರ್ಶ್ವವಾಯು ಹೊಡೀತು. ನಡೀತಾರೆ, ಮಾತಾಡ್ತಾರೆ, ಆದ್ರೆ ಎಡಗೈಯ ಹಿಡಿತ ಹೋಯ್ತು. ಲೋಟ ಕೂಡ ಬಿಗಿಯಾಗಿ ಹಿಡಿಯೋಕೆ ಆಗಲ್ಲ. ಬೈಕ್ ನನ್ನ ಹತ್ರ ಬಂತು. "ದೀಪಾವಳಿಗೆ ಬರ್ತೀನಿ, ಅದರ ಶಬ್ದ ಒಂದ್ಸಲ ಕೇಳಬೇಕು" ಅಂದಿದ್ದರು.

ಅಷ್ಟರಲ್ಲಿ ನಾನು ಕ್ಲಚ್ ಸುಟ್ಟೆ. ತ್ರ್ಯಂಬಕ ರಸ್ತೆಯಾಚೆ ಒಂದು ಕೆಸರಿನ ಏರು. ಎಂಜಿನ್ ಕಿರುಚುತ್ತೆ, ಬೈಕ್ ಮುಂದೆ ಹೋಗಲ್ಲ. ಆಮೇಲೆ ಸುಟ್ಟ ವಾಸನೆ. ತಳ್ಳಿಕೊಂಡು ಕೆಳಗೆ ಬಂದೆ.

ಈ ಗಾಡಿ ಎಲ್ಲಿಂದ ಬಂತು?

ರಿಪೇರಿಗೆ ಮೊದಲು ಸ್ವಲ್ಪ ಚರಿತ್ರೆ ನೋಡೋಣ. ಯಾಕಂದ್ರೆ ಈ ಕ್ಲಚ್ ಹೀಗಿರೋಕೆ ಕಾರಣವೇ ಚರಿತ್ರೆ.

1929ರಲ್ಲಿ ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್‌ಸೈಕಲ್ ವಿನ್ಯಾಸ ಕೊಂಡುಕೊಂಡ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ 'ಜಾವಾ' ಆಯ್ತು. ಎರಡನೇ ಮಹಾಯುದ್ಧ ಬಂತು, ದೇಶ ಜರ್ಮನರ ಕೈಯಲ್ಲಿತ್ತು. ಆ ಕಾಲದಲ್ಲೇ ಅಲ್ಲಿನ ಎಂಜಿನಿಯರ್‌ಗಳು ಗುಟ್ಟಾಗಿ ಒಂದು ಹೊಸ 250 ಸಿಸಿ ಗಾಡಿ ರೂಪಿಸಿದರು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು ಲೋಕ ನೋಡಿತು. ಅದರಲ್ಲಿ ಒಂದು ವಿಶೇಷ ಇತ್ತು: ಅರೆ-ಸ್ವಯಂಚಾಲಿತ ಕ್ಲಚ್.

ಹಾಗಂದ್ರೆ ಏನು? ಸಾಮಾನ್ಯ ಬೈಕ್‌ನಲ್ಲಿ ಎಡಗೈಯಲ್ಲಿ ಕ್ಲಚ್ ಒತ್ತಿ, ಎಡಗಾಲಲ್ಲಿ ಗೇರ್ ಹಾಕ್ತೀವಿ. ಜಾವಾದಲ್ಲಿ ಗೇರ್ ಪೆಡಲ್ ಒತ್ತಿದ ಕೂಡಲೇ, ಗೇರ್ ಬದಲಾಗೋದಕ್ಕೆ ಮುಂಚೆ, ಅದೇ ಶಾಫ್ಟಿಗೆ ಸೇರಿದ ಒಂದು ಕ್ಯಾಮ್ ತಿರುಗಿ ಕ್ಲಚ್ ಬಿಡಿಸುತ್ತೆ. ಕಾಲು ಬಿಟ್ಟರೆ ಕ್ಲಚ್ ಮತ್ತೆ ಹಿಡಿಯುತ್ತೆ. ಓಡುತ್ತಿರುವಾಗ ಕೈಯೇ ಬೇಡ. ಇನ್ನೊಂದು ತಮಾಷೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. ಗೇರ್ ಪೆಡಲನ್ನೇ ಒಳಕ್ಕೆ ಒತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ ಸ್ಟಾರ್ಟರ್!

ಮುಂಬೈಯಲ್ಲಿ ರುಸ್ತುಂ ಇರಾನಿ ಅವರು ಈ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. ಐವತ್ತರ ದಶಕದಲ್ಲಿ ವಿದೇಶಿ ವಿನಿಮಯದ ಕೊರತೆಯಿಂದ ಸರ್ಕಾರ ಆಮದು ಬಿಗಿ ಮಾಡಿತು. ಮಾರಬೇಕಾದ್ರೆ ಇಲ್ಲೇ ಮಾಡಬೇಕು ಅನ್ನೋ ಸ್ಥಿತಿ. ಹಾಗೆ ಐಡಿಯಲ್ ಜಾವಾ ಮೈಸೂರಿನ ಯಾದವಗಿರಿಗೆ ಬಂತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ ಬೆಂಬಲ ಇತ್ತು. ಸ್ಥಾಪನೆ 1960, ಗಾಡಿಗಳು ಹೊರಬಂದದ್ದು 1961ರಿಂದ. ಮೊದಲು ಚೆಕ್ ಭಾಗಗಳು, ಆಮೇಲೆ ಒಂದೊಂದಾಗಿ ಇಲ್ಲೇ ತಯಾರಾದವು. 1973ರ ಹೊತ್ತಿಗೆ ಟ್ಯಾಂಕ್ ಮೇಲೆ 'ಯೆಜ್ಡಿ' ಅಂತ ಬಂತು. ಇರಾನಿ ಮನೆತನದ ಮೂಲ ಊರು ಯಜ್ದ್, ಅದರಿಂದ ಈ ಹೆಸರು ಅಂತಾರೆ. 1978ರಲ್ಲಿ ರೋಡ್‌ಕಿಂಗ್. 248.5 ಸಿಸಿ, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್.

ಮಣ್ಣಿಗೂ ಈ ವಂಶಕ್ಕೂ ಹಳೇ ನಂಟು. ಆರು ದಿನ ಕಾಡುಗುಡ್ಡದಲ್ಲಿ ಓಡಿಸೋ ಅಂತರರಾಷ್ಟ್ರೀಯ ಸಿಕ್ಸ್ ಡೇಸ್ ಸ್ಪರ್ಧೆಯ ಟ್ರೋಫಿಯನ್ನು ಚೆಕೊಸ್ಲೊವಾಕಿಯಾ 1970ರಿಂದ 1974ರವರೆಗೆ ಸತತ ಐದು ವರ್ಷ ಗೆದ್ದಿತ್ತು. ಅದರ ಒಂದು ನಿಯಮ ನನಗೆ ಇಷ್ಟ: ದಾರಿಯಲ್ಲಿ ಗಾಡಿ ಕೆಟ್ಟರೆ ಸವಾರನೇ ರಿಪೇರಿ ಮಾಡಬೇಕು.

ಬಿಚ್ಚಿದಾಗ ಕಂಡದ್ದು

ನನಗೆ ಆ ನಿಯಮ ಪಾಲಿಸೋಕೆ ಮೂರು ವಾರ ಬೇಕಾಯ್ತು. ಚಿಕ್ಕಪ್ಪ ವಿಡಿಯೋ ಕಾಲ್‌ನಲ್ಲಿ, ನಾನು ಬಾಲ್ಕನಿಯಲ್ಲಿ.

ಎಡಗಡೆ ಕವರ್ ಬಿಚ್ಚಿದರೆ ಎಣ್ಣೆಯಲ್ಲಿ ಮುಳುಗಿದ ಪ್ರೈಮರಿ ಚೈನು, ಅದರ ಹಿಂದೆ ಕ್ಲಚ್ ಬಾಸ್ಕೆಟ್. ಒಳಗೆ ಒಂದು ಕಾರ್ಕ್ ಪ್ಲೇಟ್, ಒಂದು ಉಕ್ಕಿನ ಪ್ಲೇಟ್, ಹೀಗೆ ಪದರ ಪದರ. ಕಾರ್ಕ್ ಅಂದ್ರೆ ಬಾಟಲಿ ಮುಚ್ಚಳದ ಅದೇ ಮರದ ತೊಗಟೆ. ಸ್ಪ್ರಿಂಗ್ ಒತ್ತಿದಾಗ ಅದು ಸ್ವಲ್ಪ ಅದುಮಿಕೊಂಡು ಎಣ್ಣೆಯಲ್ಲೂ ಉಕ್ಕನ್ನು ಹಿಡಿಯುತ್ತೆ. ಅದಕ್ಕೆ ಆಗದೇ ಇರೋದು ಬಿಸಿ. ಜಾರಿದರೆ ಬಿಸಿಯಾಗುತ್ತೆ, ಬಿಸಿಯಾದರೆ ಕರಿಯುತ್ತೆ, ಕರಿದರೆ ಇನ್ನೂ ಜಾರುತ್ತೆ. ನನ್ನ ಕಾರ್ಕ್‌ಗಳು ಇದ್ದಿಲಾಗಿದ್ದವು.

"ಯಾವ ಆಯಿಲ್ ಹಾಕಿದ್ದೆ?" ಅಂದರು ಚಿಕ್ಕಪ್ಪ. ಹೆಮ್ಮೆಯಿಂದ ಹೇಳಿದೆ: ಕಾರಿಗೆ ಹಾಕೋ ದುಬಾರಿ ಸಿಂಥೆಟಿಕ್. ಅವರು ಒಂದು ಕ್ಷಣ ಮಾತಾಡಲಿಲ್ಲ. ಕಾರಿನ ಅಂಥ ಎಣ್ಣೆಗಳಲ್ಲಿ ಘರ್ಷಣೆ ಕಡಿಮೆ ಮಾಡೋ ರಾಸಾಯನಿಕ ಇರುತ್ತೆ. ಕಾರಿನ ಕ್ಲಚ್ ಎಣ್ಣೆಯಲ್ಲಿ ಇರಲ್ಲ, ಅದಕ್ಕೆ ತೊಂದರೆ ಇಲ್ಲ. ಈ ಕ್ಲಚ್ ಗೇರ್‌ಬಾಕ್ಸ್‌ನ ಎಣ್ಣೆಯಲ್ಲೇ ಕೂತಿರುತ್ತೆ, ಬದುಕೋದೇ ಘರ್ಷಣೆಯಿಂದ. ಸಾಲದ್ದಕ್ಕೆ ಕೇಬಲ್ ಬಿಗಿ ಮಾಡಿ ಫ್ರೀ ಪ್ಲೇ ಇಲ್ಲದಂತೆ ಮಾಡಿದ್ದೆ. ಲಿವರ್ ಮುಟ್ಟದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ ಇತ್ತು. ಡಾಕ್ಯುಮೆಂಟೇಶನ್ ಓದದೆ ಪ್ರೊಡಕ್ಷನ್‌ಗೆ ಕೈ ಹಾಕಿದ್ದು ಅಂತ ಅರ್ಥವಾಯ್ತು.

ಉಕ್ಕಿನ ಪ್ಲೇಟ್‌ಗಳನ್ನು ಸಾತಪುರದ ಒಂದು ಲೇತ್ ಶೆಡ್ಡಿಗೆ ಒಯ್ದೆ. ಈ ಊರಿನ ಶಕ್ತಿ ಇರೋದೇ ಅಲ್ಲಿ. ಒಂದು ಕಡೆ ಮಹೀಂದ್ರಾ, ಇನ್ನೊಂದು ಕಡೆ ಬಾಷ್, ಸುತ್ತ ಅವುಗಳ ನೆರಳಲ್ಲಿ ಬೆಳೆದ ಸಣ್ಣ ಶೆಡ್ಡುಗಳು. ಬಾಷ್ ಅಂದ್ರೆ 1951ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಮೈಕೋ, 2008ರಲ್ಲಿ ಹೆಸರು ಬದಲಾಯ್ತು. ಚಿಕ್ಕಪ್ಪ ಈಗಲೂ ಸ್ಪಾರ್ಕ್ ಪ್ಲಗ್ ಅನ್ನಲ್ಲ, 'ಮೈಕೋ ಪ್ಲಗ್' ಅಂತಾರೆ.

ಶೆಡ್ಡಿನ ಹಿರಿಯರು ಪ್ಲೇಟ್‌ಗಳನ್ನು ಸಪಾಟು ಕಲ್ಲಿನ ಮೇಲಿಟ್ಟು ಅಂಚಿನಡಿ ಫೀಲರ್ ಗೇಜ್ ತೂರಿಸಿದರು. ಎರಡು ಸೊಟ್ಟಗಾಗಿದ್ದವು. ಅವು ತ್ಯಾಜ್ಯ. ಆಮೇಲೆ ಬಾಸ್ಕೆಟ್ಟಿನ ಬೆರಳುಗಳನ್ನು ತೋರಿಸಿದರು. ನಲವತ್ತು ವರ್ಷ ಪ್ಲೇಟ್‌ಗಳ ಹಲ್ಲು ಬಡಿದೂ ಬಡಿದೂ ಅಲ್ಲಿ ಗುಂಡಿ ಬಿದ್ದಿತ್ತು. ಹೊಸ ಪ್ಲೇಟ್ ಹಾಕಿ ಈ ಗುಂಡಿ ಬಿಟ್ಟರೆ ಪ್ಲೇಟ್ ಸರಾಗವಾಗಿ ಜರುಗಲ್ಲ, ಸಿಕ್ಕಿಕೊಳ್ಳುತ್ತೆ. ಸಣ್ಣ ಅರದಿಂದ ಎಲ್ಲ ಬೆರಳನ್ನೂ ಒಂದೇ ಸಮ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಬಾಸ್ಕೆಟ್ಟೇ ಹೋಯ್ತು. "ಆಗುತ್ತಾ?" ಅಂದೆ. "ಹೋಊನ್ ಜಾಈಲ್" ಅಂದರು. ದುಡ್ಡು ತಗೊಳ್ಳಲಿಲ್ಲ. ಅವರದೂ ಒಂದು ಕಾಲದಲ್ಲಿ ಯೆಜ್ಡಿ ಇತ್ತಂತೆ.

ಕಾರ್ಕ್ ಪ್ಲೇಟ್‌ಗಳು ಮೈಸೂರಿನಿಂದ ಕೊರಿಯರ್‌ನಲ್ಲಿ ಬಂದವು. ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಹಾಕಿ, ಸ್ಪ್ರಿಂಗ್‌ಗಳ ಉದ್ದ ಒಂದೇ ಇದೆಯಾ ಅಂತ ಅಳೆದು, ಜೋಡಿಸಿ, ಸಾದಾ ಎಣ್ಣೆ ತುಂಬಿ, ಲಿವರ್‌ನಲ್ಲಿ ಸ್ವಲ್ಪ ಸಡಿಲ ಬಿಟ್ಟೆ.

ಫ್ಯಾಕ್ಟರಿ ಮುಚ್ಚಿತು, ಗಾಡಿ ಉಳಿಯಿತು

ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಕಾರಣ ಒಂದಲ್ಲ. 1984-86ರ ನಡುವೆ ಇಂಡ್-ಸುಜುಕಿ, ಹೀರೋ ಹೋಂಡಾ, ಆರ್‌ಎಕ್ಸ್ 100, ಕವಾಸಕಿ ಬಜಾಜ್ ಸಾಲಾಗಿ ಬಂದವು. ಬಜಾಜ್ ನಮ್ಮ ಪಕ್ಕದ ಔರಂಗಾಬಾದ್, ಅಂದ್ರೆ ಈಗಿನ ಸಂಭಾಜಿನಗರದ ವಾಳೂಜ್‌ನಲ್ಲಿ ಕಾರ್ಖಾನೆ ತೆರೆದದ್ದೂ 1985ರಲ್ಲೇ. ಜನರಿಗೆ ಮೈಲೇಜ್ ಬೇಕಿತ್ತು, 250 ಸಿಸಿ ಟೂ-ಸ್ಟ್ರೋಕ್ ಕುಡಿಯೋದು ಜಾಸ್ತಿ. ಹೊಗೆಯ ನಿಯಮ ಬಿಗಿಯಾದವು. ಕಾರ್ಮಿಕ ಸಮಸ್ಯೆಯೂ ಸೇರಿತು.

ಆದ್ರೆ ಗಮನಿಸಿ. ಫ್ಯಾಕ್ಟರಿ ಮುಚ್ಚಿ ಇಷ್ಟು ವರ್ಷವಾದರೂ ಮೈಸೂರಿನಲ್ಲಿ ಈ ಗಾಡಿ ಮಾತ್ರ ನೋಡೋ ಮೆಕ್ಯಾನಿಕ್‌ಗಳಿದ್ದಾರೆ. ಪ್ರತಿ ಜುಲೈನ ಎರಡನೇ ಭಾನುವಾರ ಜಾವಾ ದಿನ ಅಂತ ಊರೂರಲ್ಲಿ ಸೇರ್ತಾರೆ. ನಾವು ಬರೆದ ಎಷ್ಟು ಸಾಫ್ಟ್‌ವೇರ್ ಸಪೋರ್ಟ್ ನಿಂತ ಮೇಲೆ ಐದು ವರ್ಷ ಬದುಕುತ್ತೆ ಹೇಳಿ? ಇದು ಬದುಕಿದ್ದು ಬಿಚ್ಚೋಕೆ ಸಾಧ್ಯ ಅನ್ನೋ ಕಾರಣಕ್ಕೆ, ಮತ್ತೆ ಬಿಚ್ಚೋದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಿಕೊಟ್ಟಿದ್ದಕ್ಕೆ.

ದೀಪಾವಳಿ

ಚಿಕ್ಕಪ್ಪ ಬಂದರು. ಭಾನುವಾರ ಬೆಳಿಗ್ಗೆ ಒಂದು ಖಾಲಿ ಮೈದಾನಕ್ಕೆ ಹೋದೆವು. ಎರಡನೇ ಕಿಕ್‌ಗೆ ಸ್ಟಾರ್ಟ್ ಆಯ್ತು. ಅವರು ಸುಮ್ಮನೆ ಕೇಳ್ತಾ ನಿಂತರು. ಆಮೇಲೆ, "ನಾನು ಕೂರ್ತೀನಿ" ಅಂದರು.

ನಾನು ಬೇಡ ಅಂದೆ. ಡಾಕ್ಟರು ರಸ್ತೆಯಲ್ಲಿ ಓಡಿಸಬಾರದು ಅಂದಿದ್ದಾರೆ, ಎಡಗೈಯಲ್ಲಿ ಕ್ಲಚ್ ಒತ್ತೋಕೆ ಆಗಲ್ಲ. "ಇದು ರಸ್ತೆ ಅಲ್ಲ. ಕೈಯಲ್ಲಿ ಒತ್ತು ಅಂತ ಯಾರು ಹೇಳಿದ್ದು?" ಅಂದರು.

ಎಡಗೈ ಹ್ಯಾಂಡಲ್ ಮೇಲೆ ಸುಮ್ಮನೆ ಇಟ್ಟುಕೊಂಡರು. ಎಡಗಾಲಿಂದ ಗೇರ್ ಪೆಡಲ್ ಒತ್ತಿ ಹಿಡಿದರು. ಕೈಯ ಲಿವರ್ ತಾನಾಗೇ ಸಡಿಲವಾಯ್ತು. ಮೆಲ್ಲಗೆ ಆಕ್ಸಿಲರೇಟರ್ ಕೊಟ್ಟು, ಕಾಲನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಟ್ಟರು. ಹೊಸ ಕಾರ್ಕ್ ಹಿಡೀತು. ಬೈಕ್ ಹೊರಟಿತು. ನಾನು ಪಕ್ಕದಲ್ಲಿ ಸೀಟು ಹಿಡಿದು ಓಡ್ತಾ ಇದ್ದೆ, ಆಮೇಲೆ ಓಡೋಕೆ ಆಗಲಿಲ್ಲ, ಬಿಟ್ಟೆ. ಮೈದಾನದ ಆ ತುದಿಯಲ್ಲಿ ಎರಡನೇ ಗೇರ್ ಬಿದ್ದದ್ದು ಕೇಳಿಸಿತು. ಎರಡು ಸುತ್ತು ಬಂದು ನಿಲ್ಲಿಸಿದರು.

"ಫ್ರೀ ಪ್ಲೇ ಇನ್ನೂ ಒಂಚೂರು ಬಿಡು" ಅಂದರು. ಅಷ್ಟೇ.

ಸಂಜೆ ಬಿಟ್ಟೆ. ನಿಮ್ಮ ಮನೆಯಲ್ಲೂ ಮೂಲೆಯಲ್ಲಿ ಒಂದು ಜಾವಾನೋ ಯೆಜ್ಡಿಯೋ ನಿಂತಿದ್ದರೆ, ಗುಜರಿಗೆ ಹಾಕೋ ಮೊದಲು ಅದನ್ನು ಓಡಿಸಿದವರಿಗೆ ಒಂದು ಫೋನ್ ಮಾಡಿ. ಮುಂದಿನ ವಾರ ಸಿಗೋಣ.