ಗ್ರೀನ್‌ಪಾಯಿಂಟ್‌ನ ನೆಲದಡಿಯ ಎಣ್ಣೆ



ಊರಿನಲ್ಲಿ ಬಾವಿ ಇದ್ದವರಿಗೆ ನೆನಪಿರಬಹುದು. ಬೇಸಿಗೆಯಲ್ಲಿ ನೀರು ಎಷ್ಟು ಕೆಳಗಿಳಿದಿದೆ ಎಂದು ತಿಳಿಯಲು ಪುಟ್ಟ ಕಲ್ಲೊಂದನ್ನು ಹಾಕಿ ಕಿವಿಗೊಡುತ್ತಿದ್ದೆವು. ಹೀಗೆ ಬಾವಿಯ ಸದ್ದು ಕೇಳುವುದನ್ನೇ ದೊಡ್ಡ ಉದ್ಯೋಗ ಮಾಡಿಕೊಳ್ಳಬೇಕಾಗಿ ಬಂದ ಒಂದು ಬಡಾವಣೆಯ ಕಥೆ ಈ ಸಲ ನಿಮಗಾಗಿ.

ಬಡಾವಣೆಯ ಹೆಸರು ಗ್ರೀನ್‌ಪಾಯಿಂಟ್. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿದೆ. ಹೆಸರೇನೋ ಹಸಿರು, ಆದರೆ ಪಕ್ಕದಲ್ಲಿರುವುದು ನ್ಯೂಟೌನ್ ಕ್ರೀಕ್ ಎಂಬ ಕಪ್ಪು ನೀರಿನ ತೊರೆ. ಉದ್ದ ಸುಮಾರು ಆರು ಕಿಲೋಮೀಟರ್. 1854ರಲ್ಲಿ ಅಬ್ರಹಾಂ ಗೆಸ್ನರ್ ಎಂಬಾತನ ಸೀಮೆಎಣ್ಣೆ ಕಾರ್ಖಾನೆ ಈ ತೊರೆಯ ದಡದಲ್ಲಿ ಶುರುವಾಯಿತು. 1867ರಲ್ಲಿ ಚಾರ್ಲ್ಸ್ ಪ್ರ್ಯಾಟ್‌ನ ಆಸ್ಟ್ರಲ್ ಆಯಿಲ್ ಬಂತು. 1870ರ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಶುದ್ಧೀಕರಣಾಗಾರಗಳು ಸಾಲುಗಟ್ಟಿದ್ದವು. ಆಮೇಲೆ ಎಲ್ಲವನ್ನೂ ನುಂಗಲು ರಾಕ್‌ಫೆಲರ್‌ನ ಸ್ಟ್ಯಾಂಡರ್ಡ್ ಆಯಿಲ್ ಬಂತು. ಎಣ್ಣೆ ಕಾಯಿಸುವ ಕಡೆ ಎಣ್ಣೆ ಚೆಲ್ಲುವುದು ಸಹಜವೆಂದು ಆಗಿನವರು ತಿಳಿದಿದ್ದರು. ಟ್ಯಾಂಕು ಸೋರಿತು, ಪೈಪು ಸೋರಿತು, ಮರಳು ಮಣ್ಣು ಎಲ್ಲವನ್ನೂ ಕುಡಿಯಿತು. ನೂರು ವರ್ಷ!

ಇಷ್ಟಾದರೂ ಯಾರಿಗೂ ಏಕೆ ತಿಳಿಯಲಿಲ್ಲ? ನನ್ನನ್ನು ತುಂಬಾ ಕಾಡಿದ ಪ್ರಶ್ನೆ ಇದು. ಉತ್ತರದ ಒಂದು ಪಾಲು ಕುಡಿಯುವ ನೀರಿನಲ್ಲಿದೆ. ಬ್ರೂಕ್ಲಿನ್ನಿನ ಎಷ್ಟೋ ಜನ ಒಂದು ಕಾಲಕ್ಕೆ ನೆಲದ ನೀರನ್ನೇ ಕುಡಿಯುತ್ತಿದ್ದರು. ಹೀರಿ ಹೀರಿ ಸಮುದ್ರದ ಉಪ್ಪುನೀರು ಒಳನುಗ್ಗಿತು. ನಗರದ ನಲ್ಲಿಗಳಿಗೆ ದೂರದ ಬೆಟ್ಟಗಳ ಜಲಾಶಯದಿಂದ ನೀರು ಬರತೊಡಗಿತ್ತು. 1947ರ ಹೊತ್ತಿಗೆ ಜನರಿಗೆಂದು ನೆಲದ ನೀರೆತ್ತುವುದು ನಿಂತೇಹೋಯಿತು. ಹೀಗೆ ನೆಲದ ನೀರಿನ ವಾಸನೆ ನೋಡುವ ಮೂಗೇ ಉಳಿಯಲಿಲ್ಲ.

ಎಚ್ಚರಿಕೆ ಬರಲಿಲ್ಲವೆಂದಲ್ಲ. 1950ರ ಅಕ್ಟೋಬರಿನಲ್ಲಿ ಅಲ್ಲಿನ ಒಳಚರಂಡಿ ಸ್ಫೋಟಿಸಿ ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳಗಳು ಆಕಾಶಕ್ಕೆ ಹಾರಿದವು, ಕಿಟಕಿ ಗಾಜುಗಳು ಪುಡಿಯಾದವು. ಬೀದಿ ರಿಪೇರಿಯಾಯಿತು, ನೆಲದಡಿಯ ಎಣ್ಣೆ ಅಲ್ಲೇ ಉಳಿಯಿತು. 1966ರಲ್ಲಿ ಮೊಬಿಲ್ ಕಂಪನಿ ತನ್ನ ಶುದ್ಧೀಕರಣಾಗಾರವನ್ನೂ ಮುಚ್ಚಿತು.

1978ರ ಸೆಪ್ಟೆಂಬರಿನಲ್ಲಿ ಕರಾವಳಿ ಕಾವಲು ಪಡೆಯ ಹೆಲಿಕಾಪ್ಟರ್ ಮೇಲಿಂದ ಹಾದುಹೋಗುವಾಗ ತೊರೆಯ ದಡದಿಂದ ಎಣ್ಣೆ ಜಿನುಗುವುದು ಕಾಣಿಸಿತು. ಹಾಗೆ ನೋಡಿದರೆ, ನೆಲದ ಕೆಳಗಿದ್ದದ್ದು ಆಕಾಶದಿಂದ ಪತ್ತೆಯಾಯಿತು. ಬಾವಿ ಕೊರೆದು ಅಳೆದಾಗ 1979ರಲ್ಲಿ ಸಿಕ್ಕ ಅಂದಾಜು 1.7 ಕೋಟಿ ಗ್ಯಾಲನ್, ಅಂದರೆ ಸುಮಾರು 6.4 ಕೋಟಿ ಲೀಟರ್. 1989ರಲ್ಲಿ ಅಲಾಸ್ಕದ ಸಮುದ್ರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಚೆಲ್ಲಿದ್ದಕ್ಕಿಂತ ಹೆಚ್ಚು. ಆ ಹಡಗಿನ ಸುದ್ದಿ ಜಗತ್ತೆಲ್ಲ ಕೇಳಿತು. ಇದರ ಸುದ್ದಿ ಮೇಲಿನ ಮನೆಗಳಲ್ಲಿದ್ದವರಿಗೇ ಸರಿಯಾಗಿ ತಲುಪಲಿಲ್ಲ.

ಈಗ ಆ ಸದ್ದಿನ ವಿಷಯಕ್ಕೆ ಬರೋಣ. ಎಣ್ಣೆ ಹಗುರ, ನೆಲದೊಳಗೂ ನೀರಿನ ಮೇಲೆ ತೇಲುತ್ತದೆ. ಅಲ್ಲಲ್ಲಿ ಕಿರಿದಾದ ಕೊಳವೆಬಾವಿ ಕೊರೆದು, ನೀರಿನ ಮಟ್ಟ ಬರುವ ಕಡೆ ಕೊಳವೆಗೆ ಸೀಳುಗಳಿಡುತ್ತಾರೆ. ಅದರೊಳಗೆ ಅಳತೆ ಪಟ್ಟಿಯ ತುದಿಗೆ ಕಟ್ಟಿದ ಸಲಕರಣೆಯನ್ನು ಇಳಿಬಿಡುತ್ತಾರೆ. ಎಣ್ಣೆ ಮುಟ್ಟಿದರೆ ಒಂದು ಬಗೆಯ 'ಬೀಪ್', ನೀರು ಮುಟ್ಟಿದರೆ ಇನ್ನೊಂದು ಬಗೆಯದು. ಎರಡರ ನಡುವಿನ ಅಂತರವೇ ಎಣ್ಣೆಯ ದಪ್ಪ. ರೇಡಿಯೊದವಳಾದ ನನಗೆ ಇದು ಬಹಳ ಹಿಡಿಸಿತು!

ಆದರೆ ಕೇಳಿದ್ದನ್ನೆಲ್ಲ ನಂಬುವಂತಿಲ್ಲ. ಕೊಳವೆಯಲ್ಲಿ ಒಂದು ಮೀಟರ್ ಎಣ್ಣೆ ಕಂಡರೆ ಸುತ್ತಲ ಮಣ್ಣಿನಲ್ಲಿ ಅದಕ್ಕಿಂತ ಕಡಿಮೆ ಇರುವುದೇ ಹೆಚ್ಚು. ನೀರು ಮೇಲೇರಿದರೆ ಎಣ್ಣೆ ಮಣ್ಣಿನ ಸಂದಿಯಲ್ಲಿ ಸಿಕ್ಕಿಬಿದ್ದು ಕೊಳವೆಯಲ್ಲಿ ಕಾಣದೆಯೂ ಹೋಗಬಹುದು. ಒಂದು ಸಲ ಅಳೆದು 'ಏನೂ ಇಲ್ಲ' ಎಂದು ಬರೆದುಕೊಟ್ಟರೆ ಅದು ಸುಳ್ಳಾಗಬಹುದು. ಅದಕ್ಕೇ ವರ್ಷಗಟ್ಟಲೆ ಮತ್ತೆ ಮತ್ತೆ ಅಳೆಯಬೇಕು. ಮೇಲಾಗಿ, ಎಣ್ಣೆಯಲ್ಲಿರುವ ಬೆಂಜೀನ್ ನೀರಿನಲ್ಲಿ ಕರಗಿ ಕಣ್ಣಿಗೆ ಕಾಣದೆ ಮುಂದೆ ಸಾಗುತ್ತದೆ. ಅದು ಕ್ಯಾನ್ಸರ್ ತರುವ ವಸ್ತು. ನೂರು ಕೋಟಿ ಪಾಲು ಕುಡಿಯುವ ನೀರಿನಲ್ಲಿ 5 ಪಾಲಿಗಿಂತ ಹೆಚ್ಚಿರಬಾರದೆಂದು ಅಮೆರಿಕದ ನಿಯಮ. ಇದಕ್ಕೆ 'ಬೀಪ್' ಸಾಲದು. ಸೀಸೆಯಲ್ಲಿ ಗುಳ್ಳೆಯೂ ಉಳಿಯದಂತೆ ನೀರು ತುಂಬಿ ಪ್ರಯೋಗಾಲಯಕ್ಕೆ ಕಳಿಸಬೇಕು.

ಎಣ್ಣೆ ಎತ್ತುವುದಕ್ಕೆ ಬಾವಿಯಲ್ಲಿ ಎರಡು ಪಂಪು. ಕೆಳಗಿನದು ನೀರೆತ್ತಿ ಸುತ್ತಲೂ ತಗ್ಗು ಮಾಡುತ್ತದೆ. ಆ ತಗ್ಗಿಗೆ ಹರಿದುಬಂದ ಎಣ್ಣೆಯನ್ನು ಮೇಲಿನದು ಎತ್ತುತ್ತದೆ. 1990ರಲ್ಲಿ ಮೊಬಿಲ್ ಕಂಪನಿಗೂ ನ್ಯೂಯಾರ್ಕ್ ರಾಜ್ಯಕ್ಕೂ ಒಪ್ಪಂದವಾಯಿತು. ಇಂಥ ದಿನದೊಳಗೆ ಮುಗಿಸಬೇಕೆಂಬ ಗಡುವು ಮಾತ್ರ ಅದರಲ್ಲಿರಲಿಲ್ಲ! 2004ರಲ್ಲಿ ರಿವರ್‌ಕೀಪರ್ ಎಂಬ ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು, 2007ರಲ್ಲಿ ರಾಜ್ಯವೂ ಹೋಯಿತು. 2010ರಲ್ಲಿ ಎಕ್ಸಾನ್‌ಮೊಬಿಲ್ ಶುದ್ಧೀಕರಣಕ್ಕೆ ಒಪ್ಪಿ, ಅದರ ಜೊತೆಗೆ 2.5 ಕೋಟಿ ಡಾಲರ್ ತೆತ್ತಿತು. ಈವರೆಗೆ 1.2 ಕೋಟಿ ಗ್ಯಾಲನ್ನಿಗೂ ಹೆಚ್ಚು ಎಣ್ಣೆ ಮೇಲೆ ಬಂದಿದೆ.

ಅಮೆರಿಕದ ಮಾತು ನಮಗೇಕೆ ಎನ್ನಬೇಡಿ. ಚೆನ್ನೈನಲ್ಲಿರುವ ನೀವು 2013ರ ತಂಡಯಾರ್‌ಪೇಟೆಯನ್ನು ಮರೆತಿರಲಾರಿರಿ. ಬಂದರಿನಿಂದ ತೈಲದ ಡಿಪೋಗೆ ಬರುವ ಪೈಪ್‌ಲೈನ್ ಸೋರಿ ಮನೆಗಳ ಬೋರ್‌ವೆಲ್‌ಗಳಲ್ಲಿ ಎಣ್ಣೆ ಬಂತು. ಆಮೇಲೆ ಹಸಿರು ನ್ಯಾಯಮಂಡಳಿಯವರೆಗೂ ವಿಷಯ ಹೋಯಿತು. ಆದರೆ ಅಲ್ಲಿ ಹೆಲಿಕಾಪ್ಟರ್ ಬರಬೇಕಾಗಲಿಲ್ಲ. ಬೋರ್‌ವೆಲ್ ನೀರನ್ನೇ ಬಳಸುತ್ತಿದ್ದ ಮನೆಯವರು ಪಂಪು ಹಾಕಿ, ಬಕೆಟ್ ತುಂಬಿಸಿ, ಮೂಸಿ ನೋಡಿದ್ದರು.